ಕಾಳೀನದಿ: ಅದರ ಪಥವೂ ಅದರ ದಡಗಳ ಜನವಿರಳತೆಯೂ

ಬೆಂಗಳೂರು ದಂಡಿನ ಪ್ರದೇಶದಲ್ಲಿ ನದಿಯೆಂಬುದಿಲ್ಲ. ಶಿವಾಜಿನಗರ, ಹಲಸೂರುಗಳ ನೆಲವು ಜಲವಿಭಾಜಕದ ದಿಣ್ಣೆಗೆ ಸಮೀಪವಾಗಿರುವುದು. ದಂಡಿನ ಪೂರ್ವಭಾಗದಲ್ಲಿ ಬಿದ್ದ ಮಳೆಯ ನೀರು ಹಲಸೂರು, ಬೆಳ್ಳಂದೂರು, ವರ್ತೂರು ಕೆರೆಗಳ ಸಾಲನ್ನು ಹಾದು ದೂರದ ದಕ್ಷಿಣ ಪಿನಾಕಿನಿಯನ್ನು ಸೇರಬೇಕು. ಇಂತಹ ಸ್ಥಳದ ವಾಚಕರಿಗೆ ರಾಜ್ಯದ ಪಡುವಣ ಅಂಚಿನ ಕಾಡಿನಲ್ಲಿ ಹರಿಯುವ ಕಾಳೀನದಿಯ ವಿಚಾರದಿಂದ ಆಗಬೇಕಾದುದೇನೆಂದು ಕೆಲವರು ಕೇಳಬಹುದು. ಈ ನಗರದ ಬೀದಿಗಳಲ್ಲಿ ೧೯೦೫ರಲ್ಲಿ ವಿದ್ಯುದ್ದೀಪ ಹೊತ್ತಿದಾಗ ಅದಕ್ಕೆ ಶಕ್ತಿ ಬಂದುದು ಶಿವನಸಮುದ್ರದ ಕಾವೇರಿಯಿಂದ. ಅನಂತರ ಶರಾವತಿಯ ಸರದಿ ಬಂದಿತು, ೧೯೭೯ರಿಂದೀಚೆಗೆ ಕಾಳಿಯದು. ವಿದ್ಯುತ್ತು ಒಮ್ಮೆ ತಂತಿಯ ಜಾಲವನ್ನು ಸೇರಿದ ಬಳಿಕ ಯಾವ ದೀಪ ಯಾವ ನದಿಯದೆಂದು ಬೇರ್ಪಡಿಸಿ ಹೇಳಲು ಬಾರದು. ಆದರೂ ಕಾಳಿಯನ್ನು ಒಮ್ಮೆಯೂ ಕಾಣದವರು ಆ ನದಿಗೆ ಋಣಿಗಳಾಗಿರುವರೆಂಬುದರಲ್ಲಿ ಸಂದೇಹವಿಲ್ಲ.

ಈ ನದಿಯ ಮೇಲ್ಗಡೆಯ ಪಾತ್ರವೆಲ್ಲ ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನಲ್ಲಿದೆ. ಹಿಂದೆ ಇದಕ್ಕೆ ಸೂಪಾ ತಾಲ್ಲೂಕೆಂಬ ಹೆಸರಿದ್ದಿತು. ೨೦೧೧ರ ಜನಗಣತಿಯಲ್ಲಿ ಇಲ್ಲಿ ಕಂಡುಬಂದ ಜನಸಂಖ್ಯೆ ಸುಮಾರು ೫೨,೦೦೦. ಚದರ ಕಿಲೋಮೀಟರಿಗೆ ಮೂವತ್ತು ಮಂದಿಯೂ ಇಲ್ಲವೆಂದಾಯಿತು. ಅದೇ ಗಣತಿಯಲ್ಲಿ ರಾಜ್ಯದ ಸರಾಸರಿ ೩೧೯. ಶಿವಾಜಿನಗರವೆಂಬ ಒಂದು ವಿಧಾನಸಭಾ ಕ್ಷೇತ್ರದ ಮತದಾರರನ್ನು ಮಾತ್ರ ಎಣಿಸಿದರೂ ಆ ಇಡೀ ತಾಲ್ಲೂಕಿನ ಜನದ ಮೂರು ಪಾಲಿಗಿಂತ ಹೆಚ್ಚಾಗುವರು. ಕಾಳಿಯ ದಡಗಳನ್ನು ಕುರಿತು ಬರೆದವರು ‘ನಿರ್ಜನಾರಣ್ಯ’ವೆಂಬ ಮಾತನ್ನು ಸುಲಭವಾಗಿ ಬಳಸುತ್ತಾರೆ. ಈ ಜನವಿರಳತೆಯಲ್ಲಿ ನೆಲದ ಸ್ವಭಾವದಿಂದ ಬಂದುದೆಷ್ಟು, ಮನುಷ್ಯರ ಕಟ್ಟಳೆಗಳಿಂದ ಬಂದುದೆಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕೆ ಮೊದಲು ನದಿಯ ಪಥವನ್ನು ತಿಳಿಯಬೇಕು.

ಕಾಳಿಯು ಗೋವೆಯ ಗಡಿಗೆ ಸಮೀಪವಾದ ಡಿಗ್ಗಿಯ ಸುತ್ತಣ ಗುಡ್ಡಗಳಲ್ಲಿ ಹುಟ್ಟುತ್ತದೆ. ಅಲ್ಲಿಂದ ಅರಬ್ಬೀ ಸಮುದ್ರಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಐವತ್ತು ಕಿಲೋಮೀಟರು ಮೀರದು. ಆದರೆ ನದಿಯು ಸಮುದ್ರಕ್ಕೆ ಬೆನ್ನು ಮಾಡಿ ಪೂರ್ವಾಭಿಮುಖವಾಗಿ ಹೊರಡುವುದು. ಸೂಪಾದ ಬಳಿ ಪಾಂಢರಿಯನ್ನು ಕೂಡಿಕೊಂಡು, ದಾಂಡೇಲಿಯನ್ನು ದಾಟಿದ ಮೇಲೆ, ಏನನ್ನೋ ನೆನೆದುಕೊಂಡಂತೆ ದಕ್ಷಿಣಕ್ಕೆ ಬಾಗಿ, ಆಮೇಲೆ ನೈರುತ್ಯಕ್ಕೂ ಕಡೆಗೆ ನೇರ ಪಶ್ಚಿಮಕ್ಕೂ ತಿರುಗಿ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಕಡಲನ್ನು ಸೇರುವುದು. ಇಷ್ಟರಲ್ಲಿ ಅದು ನಡೆಯುವ ದೂರ ಸುಮಾರು ೧೮೪ ಕಿಲೋಮೀಟರು; ಅದಕ್ಕೆ ನೀರೂಡುವ ಪ್ರದೇಶ ಸುಮಾರು ೫,೦೦೦ ಚದರ ಕಿಲೋಮೀಟರು. ಭೂಪಟದಲ್ಲಿ ನೋಡಿದರೆ ಹೆದೆಯನ್ನು ಪಶ್ಚಿಮಕ್ಕಿಟ್ಟು ಬಗ್ಗಿಸಿದ ಬಿಲ್ಲಿನಂತೆ ಕಾಣುವುದು.

ಈ ಬಾಗನ್ನು ನೆರೆಯ ನದಿಗಳೊಡನೆ ಹೋಲಿಸಿದರೆ ಅದರ ವೈಚಿತ್ರ್ಯವು ಸ್ಪಷ್ಟವಾಗುವುದು. ಕಾಳಿಯ ಉಗಮಕ್ಕೆ ಬಹಳ ದೂರವಲ್ಲದ, ಖಾನಾಪುರದ ಸೀಮೆಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹೊರಟು ಪೂರ್ವಕ್ಕೇ ಹೋಗಿ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಯನ್ನು ಕಾಣುತ್ತದೆ. ಅದೇ ಸೀಮೆಯ ಮಹಾದಾಯಿಯಾದರೋ ಪಶ್ಚಿಮಕ್ಕೆ ಇಳಿದು ಗೋವೆಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕಾಳಿಯು ಮಲಪ್ರಭೆಯಂತೆ ತೊಡಗಿ ಮಹಾದಾಯಿಯಂತೆ ಮುಗಿಯುವ ನದಿ. ಇದರ ಮೇಲ್ಭಾಗವು ಪ್ರಾಚೀನ ಕಾಲದಲ್ಲಿ ಪ್ರಸ್ಥಭೂಮಿಯ ಪೂರ್ವವಾಹಿನಿಗಳಲ್ಲೊಂದಾಗಿದ್ದು, ಪಡುವಣ ಇಳಿಜಾರಿನಲ್ಲಿ ರಭಸದಿಂದ ನೆಲವನ್ನು ಕೊರೆದು ಹಿಂದೆ ಸರಿಯುತ್ತ ಬಂದ ಬೇರೊಂದು ಹೊಳೆಯು ಅದನ್ನು ಅಡ್ಡಗಟ್ಟಿ ಸೆಳೆದುಕೊಂಡಿರಬಹುದೆಂದು ಊಹಿಸುವುದು ಅಯುಕ್ತವಲ್ಲ. ಭೂಗೋಳಶಾಸ್ತ್ರದಲ್ಲಿ ಇದಕ್ಕೆ ನದೀಹರಣವೆಂದು ಹೆಸರು. ಘಟ್ಟದ ಪಶ್ಚಿಮ ಮುಖವು ಕಡಿದಾದುದು, ಪೂರ್ವ ಮುಖವು ನಯವಾದುದು. ಕಡಿದಾದ ಕಡೆಯ ಹೊಳೆಗೆ ಕೊರೆಯುವ ಬಲವು ಅಧಿಕವಾಗಿರುವುದರಿಂದ ಇಂತಹ ಅಪಹರಣಗಳಿಗೆ ಅವಕಾಶವುಂಟು.

ಹೆಸರಿನ ವಿಷಯದಲ್ಲಿ ಒಂದು ಮಾತು. ಕಾಳಿಯೆಂಬುದನ್ನು ದೇವಿಯ ಹೆಸರೆಂದು ತಿಳಿಯುವುದು ರೂಢಿ. ಆದರೆ ಅದನ್ನು ಸೂಪಾದ ಬಳಿ ಕೂಡುವ ಉಪನದಿಯ ಹೆಸರು ಪಾಂಢರಿ. ಆ ಸೀಮೆಯಲ್ಲಿ ಕೇಳಿಬರುವ ಮರಾಠಿಯಲ್ಲಿ ಈ ಶಬ್ದಕ್ಕೆ ‘ಬಿಳಿಯದು’ ಎಂದರ್ಥ. ಕರಿಯ ಹೊಳೆಯೂ ಬಿಳಿಯ ಹೊಳೆಯೂ ಸಂಗಮವಾಗುವುವೆಂದು ಹೆಸರಿಟ್ಟ ಜನ ನೀರಿನ ಬಣ್ಣವನ್ನು ನೋಡಿಯೇ ಇಟ್ಟಿರಬೇಕೆಂದು ನನ್ನ ಭಾವನೆ. ಹೊಳೆಗಳಿಗೆ ಹೀಗೆ ಜೋಡಿಯ ಹೆಸರುಗಳನ್ನು ಇಟ್ಟವರು ಅಲ್ಲಿ ಬಹುಕಾಲ ನೆಲಸಿದ್ದವರಾಗಿರಬೇಕೇ ಹೊರತು ಹಾದುಹೋದ ಯಾತ್ರಿಕರಲ್ಲ.

ಇನ್ನು ನದಿಯ ಇಳಿತದ ವಿಚಾರ. ಕಾಳಿಯ ಸ್ವಭಾವವನ್ನೆಲ್ಲ ಇಳಿತವೇ ನಿರ್ಣಯಿಸಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಈಗ ನದಿಗೆ ಅಡ್ಡಲಾಗಿರುವ ಜಲಾಶಯಗಳ ಪೂರ್ಣಮಟ್ಟಗಳೇ ನಮಗೆ ಒಳ್ಳೆಯ ಅಳತೆಗೋಲು. ಸಮುದ್ರಮಟ್ಟದಿಂದ ಸೂಪಾದ ಮಟ್ಟವು ೫೬೪ ಮೀಟರು, ದಾಂಡೇಲಿಯ ಕೆಳಗಣ ಬೊಮ್ಮನಹಳ್ಳಿಯದು ೪೩೮, ಅದರ ಮುಂದಣ ಕೊಡಸಳ್ಳಿಯದು ೭೫, ಕದ್ರಾದ್ದು ೩೪. ಸೂಪಾ ಅಣೆಕಟ್ಟೆಯೇ ೧೦೧ ಮೀಟರು ಎತ್ತರವಾದುದರಿಂದ ಮೊದಲ ಎರಡು ಮಟ್ಟಗಳ ನಡುವಣ ಅಂತರದ ಹೆಚ್ಚಿನ ಪಾಲು ಆ ಗೋಡೆಯದು. ಅಲ್ಲಿ ನದಿಯ ಸಹಜವಾದ ಇಳಿತವು ಅಲ್ಪವೇ ಸರಿ. ಬೊಮ್ಮನಹಳ್ಳಿಗೂ ಕೊಡಸಳ್ಳಿಗೂ ನಡುವೆಯಾದರೋ ಸುಮಾರು ೩೬೦ ಮೀಟರು ಇಳಿತವಿದೆ. ಶರಾವತಿಯು ಗೇರುಸೊಪ್ಪೆಯ ಜೋಗದಲ್ಲಿ ಒಂದೇ ನೆಗೆತದಲ್ಲಿ ಇಳಿಯುವ ಘಟ್ಟವನ್ನು ಕಾಳಿಯು ಕಾಡು ಮುಚ್ಚಿದ ಕೊಳ್ಳದಲ್ಲಿ, ಬಂಡೆಯಿಂದ ಬಂಡೆಗೆ, ಯಾರ ಕಣ್ಣಿಗೂ ಬೀಳದೆ ಇಳಿಯುತ್ತಿದ್ದಿತು. ಜಲಪಾತವಾಗಿ ಇಳಿದ ನದಿಗೆ ಪ್ರಸಿದ್ಧಿ ಬಂದಿತು. ಕೊಳ್ಳವಾಗಿ ಇಳಿದ ನದಿಗೆ ಬರಲಿಲ್ಲ.

ಆದುದರಿಂದ ಕಾಳಿಯು ಮೂರು ಖಂಡಗಳ ನದಿ. ಮೇಲೆ ಪ್ರಸ್ಥಭೂಮಿಯ ಕಾಡಿನಲ್ಲಿ ಸಾಧಾರಣವಾದ ಇಳಿಜಾರಿನ ಹರಿವು. ನಡುವೆ ದೋಣಿಯೂ ಗಾಡಿಯೂ ಹೋಗಲಾರದ ಕೊಳ್ಳ. ಕೆಳಗೆ ಕದ್ರಾದಿಂದ ಮುಂದಕ್ಕೆ ಅಗಲವಾದ, ಭರತ-ಇಳಿತಗಳಿಗೆ ಒಳಗಾದ ಶಾಂತ ಪ್ರವಾಹ. ಕೆಳಗಣ ಖಂಡವು ಲೋಕಕ್ಕೆ ಬಹುಕಾಲದಿಂದ ಪರಿಚಿತ. ಕಾರವಾರದಲ್ಲಿ ಇಂಗ್ಲಿಷರು ಮೆಣಸಿನ ವ್ಯಾಪಾರಕ್ಕಾಗಿ ೧೬೩೮ರಲ್ಲಿಯೇ ಕೋಠಿಯನ್ನು ಹೂಡಿದ್ದರು. ಅಳಿವೆಯ ಉತ್ತರದ ಗುಡ್ಡದ ಮೇಲೆ ಸೋಂದೆಯ ಅರಸರು ಹದಿನೆಂಟನೆಯ ಶತಮಾನದ ಆದಿಯಲ್ಲಿ ಸದಾಶಿವಗಡವನ್ನು ಕಟ್ಟಿಸಿದರು. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ೧೮೮೦ರ ದಶಕದ ಆರಂಭದಲ್ಲಿ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳಿನಲ್ಲಿ ಈ ನದಿಯ ಮೇಲೆ ಮಾಡಿದ ದೋಣಿಯಾತ್ರೆಯನ್ನು ತಮ್ಮ ಸ್ಮೃತಿಗ್ರಂಥದಲ್ಲಿ ನೆನೆದಿದ್ದಾರೆ. ಇಷ್ಟೆಲ್ಲ ಬಲ್ಲವರಿಗೂ ಇದೇ ನದಿಯ ಮೇಲ್ಭಾಗವು ಪರದೇಶದಂತಿದ್ದಿತು. ಅಳಿವೆಯಲ್ಲಿ ಬೇರೂರಿದ ವ್ಯಾಪಾರವು ನದಿಯನ್ನು ಹಿಡಿದು ಮೇಲೇರಲಾರದೆ ಹೋಯಿತು.

ದಾರಿಗಳ ಇತಿಹಾಸವು ಇದಕ್ಕೆ ಸಾಕ್ಷಿಯಾಗಿದೆ. ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆಯೇರಿದ್ದ ಆ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸುವ ಯೋಚನೆಗಳು ನಡೆದುವು. ಕಾಳಿಯ ಕಣಿವೆಯೇ ಕಾರವಾರದ ಬಾಗಿಲಿಗೆ ಬಂದು ನಿಂತಿದ್ದರೂ ಹತ್ತಿಯ ಗಾಡಿಗಳು ಅದರಲ್ಲಿ ಇಳಿಯಲಿಲ್ಲ. ದಕ್ಷಿಣಕ್ಕೆ ಸುತ್ತಿ ಯಲ್ಲಾಪುರ, ಅರಬೈಲು ಘಟ್ಟಗಳ ಮಾರ್ಗವಾಗಿ ಗಂಗಾವಳಿಯ ಕಡೆಗೆ ಇಳಿದುವು. ೧೮೮೮ರಲ್ಲಿ ಘಟ್ಟವನ್ನು ದಾಟಿದ ರೈಲುದಾರಿಯು ಇನ್ನೂ ಉತ್ತರಕ್ಕೆ ಹೋಗಿ, ಕ್ಯಾಸಲ್‌ರಾಕಿನ ಮೂಲಕ ಗೋವೆಯ ಮುರಗಾಂವ ಬಂದರನ್ನು ಸೇರಿತು. ಅಳ್ನಾವರದಿಂದ ದಾಂಡೇಲಿಗೆ ಮುಂದೆ ಒಂದು ಕವಲು ರೈಲು ಬಂದುದು ಜನರಿಗಾಗಿ ಅಲ್ಲ, ಸಾಗುವಾನಿ ಮರಕ್ಕಾಗಿ. ಈಗಿನ ಕಾರವಾರ–ಜೊಯಿಡಾ ರಸ್ತೆಯೂ ಕದ್ರಾದಿಂದ ಮುಂದಕ್ಕೆ ನದಿಯನ್ನು ಬಿಟ್ಟು ಅಣಶಿಯ ಘಟ್ಟವನ್ನು ಹತ್ತಿ, ಬಿಲ್ಲಿನ ಹೆದೆಯಂತೆ ನೇರವಾಗಿ ಹೋಗುವುದು. ಸಮುದ್ರದಿಂದ ದಾಂಡೇಲಿಯವರೆಗೆ ನದಿಯ ದಡವನ್ನೇ ಹಿಡಿದು ನಡೆಯುವ ದಾರಿಯು ಎಂದೂ ಇರಲಿಲ್ಲ. ಊರುಗಳು ದಾರಿಯನ್ನು ಅನುಸರಿಸಿ ಬೆಳೆಯುವುದರಿಂದ ಜನವಿರಳತೆಗೆ ಇದೊಂದು ಮುಖ್ಯವಾದ ಸ್ವಾಭಾವಿಕ ಕಾರಣವೆನ್ನಬೇಕು.

ಎರಡನೆಯ ಕಾರಣ ಮಳೆ. ಕ್ಯಾಸಲ್‌ರಾಕಿನಲ್ಲಿ ವರ್ಷಕ್ಕೆ ೫,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಅದು ಬೇಗನೆ ಇಳಿದು, ಕಾಳಿಯ ನೀರೂಡುವ ಪ್ರದೇಶದ ಮೂಡಣ ಅಂಚಿನ ಹಳಿಯಾಳದಲ್ಲಿ ಅದರ ಕಾಲುಭಾಗದಷ್ಟಾಗುವುದು. ಒಂದೇ ನದಿಯ ಸೀಮೆಯಲ್ಲಿ ಒಂದು ಕಡೆ ನಿತ್ಯಹರಿದ್ವರ್ಣದ ಕಾಡು, ಇನ್ನೊಂದು ಕಡೆ ಎಲೆಯುದುರುವ ತೇಗದ ಕಾಡು, ಅದಕ್ಕೂ ಆಚೆಗೆ ಹೊಲಗದ್ದೆಗಳು ಕಾಣುವುದು ಇದರಿಂದಲೇ. ಮಳೆಯು ಮಿತವಾದಲ್ಲಿ ಊರುಗಳು ನಿಬಿಡ. ಮಿತಿಮೀರಿದಲ್ಲಿ ಚದುರಿದ ಮನೆಗಳು. ಈ ಕಾಡಿನ ಸುಣ್ಣಕಲ್ಲಿನ ಕವಳೆ ಗುಹೆಗಳನ್ನೂ ಕಾನೇರಿ ಹೊಳೆಯ ದಡದ ಸಿಂಥೇರಿಯ ಏಕಶಿಲೆಯನ್ನೂ ಪ್ರವಾಸಿಗಳು ಚೆನ್ನಾಗಿ ಬಲ್ಲರಾದುದರಿಂದ ಇಲ್ಲಿ ವಿವರಿಸುವುದು ಅನಾವಶ್ಯಕ.

ಆದರೆ ವಿರಳತೆಯು ಶೂನ್ಯತೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವವಾದ ಮೇಲೆ ಚನ್ನಬಸವಣ್ಣನವರೂ ಶರಣರ ಒಂದು ಸಮೂಹವೂ ಬಂದು ಸೇರಿದ ಉಳವಿಯು ಇದೇ ಕಾಡಿನ ಒಳಗಿರುವುದು. ಬೆನ್ನಟ್ಟಿ ಬರುವ ಸೈನ್ಯಕ್ಕೆ ದುರ್ಗಮವಾದುದೇ ಓಡಿಬಂದವರಿಗೆ ಆಶ್ರಯವಾಯಿತು. ಇಂದಿಗೂ ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಒಕ್ಕಲು ಮಕ್ಕಳು ಚಕ್ಕಡಿಗಳನ್ನು ಕಟ್ಟಿಕೊಂಡು ಬರುವರು. ಕೆಲವು ದಿನಗಳ ಮಟ್ಟಿಗೆ ಕಾಡಿನಲ್ಲಿ ಒಂದು ಪಟ್ಟಣವೇ ಏಳುವುದು. ಇನ್ನು ವರ್ಷವಿಡೀ ಇರುವವರೆಂದರೆ ಕುಣಬಿಗಳು, ಗೌಳಿಗರು; ಹಳಿಯಾಳ, ಯಲ್ಲಾಪುರಗಳ ಕಡೆಗೆ ಸಿದ್ದಿಯರು. ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳ ಜಾತಿಗಳು ಹಲವಾರು. ಈಗ ಜೊಯಿಡಾದಲ್ಲಿ ಅವುಗಳಿಗಾಗಿಯೇ ಒಂದು ಮೇಳವು ನಡೆಯುತ್ತಿದೆ. ಮಳೆಯು ಬತ್ತವನ್ನು ಕೊಳೆಯಿಸಿದ ವರ್ಷದಲ್ಲಿ ನೆಲದೊಳಗಣ ಗೆಡ್ಡೆಯು ಆಧಾರವಾಗುವುದು. ಆ ಸೀಮೆಗೆ ಅದು ಯುಕ್ತವಾದ ವ್ಯವಸಾಯವೇ ಸರಿ.

ಈ ಜನರ ಪ್ರಾಚೀನ ಕೃಷಿಪದ್ಧತಿಯು ಕುಮರಿ. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತಿ, ಒಂದೆರಡು ಬೆಳೆಗಳ ಬಳಿಕ ಆ ಸ್ಥಳವನ್ನು ಬಿಟ್ಟು ಮುಂದೆ ಹೋಗಿ, ಕಾಡು ಮತ್ತೆ ಬೆಳೆದ ಮೇಲೆ ಅಲ್ಲಿಗೆ ಹಿಂದಿರುಗುವುದು ಇದರ ಕ್ರಮ. ಒಂದು ಕುಟುಂಬಕ್ಕೆ ಬಹಳ ನೆಲ ಬೇಕಾಗುವುದರಿಂದ ಇದು ಸ್ವಭಾವತಃ ವಿರಳ ಜನರ ಕೃಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಗುವಾನಿಗೆ ಬೆಲೆ ಬಂದಾಗ ಸರಕಾರದ ಅರಣ್ಯಾಧಿಕಾರಿಗಳ ದೃಷ್ಟಿಯಲ್ಲಿ ಕುಮರಿಯು ವಿನಾಶವಾಗಿ ತೋರಿತು. ಕ್ರಮೇಣ ಅದನ್ನು ಕಟ್ಟುನಿಟ್ಟು ಮಾಡಿ, ಬಹುಮಟ್ಟಿಗೆ ನಿಲ್ಲಿಸಿದರು. ಬಿಟ್ಟು ಹೋದ ಕುಮರಿಯ ನೆಲವು ಮೂವತ್ತು ವರ್ಷದಲ್ಲಿ ಹೊಸಬನ ಕಣ್ಣಿಗೆ ಆದಿಕಾಲದ ಅರಣ್ಯದಂತೆಯೇ ಕಾಣುವುದು. ಯಾರೂ ಇಲ್ಲದ ಕಾಡೆಂದು ನಾವು ತಿಳಿದ ಸ್ಥಳಗಳಲ್ಲಿ ಕೆಲವಾದರೂ ಇದ್ದವರನ್ನು ಇರಗೊಡದ ಕಾಡುಗಳಾಗಿರುವುವು.

ಸೂಪಾದ ವೃತ್ತಾಂತವು ಇದಕ್ಕಿಂತ ಸ್ಪಷ್ಟವಾದುದು. ಎರಡು ಹೊಳೆಗಳ ಸಂಗಮದಲ್ಲಿದ್ದ ಆ ಪೇಟೆಯೇ ತಾಲ್ಲೂಕಿನ ಮುಖ್ಯಸ್ಥಳವಾಗಿದ್ದಿತು. ಜನವಿರಳವಾದ ಸೀಮೆಯಲ್ಲಿ ಇದ್ದಷ್ಟು ಜನ ಎಲ್ಲಿ ಕೂಡುವರೋ ಅಲ್ಲಿಯೇ ಕಣಿವೆಯು ಅಗಲವಾಗಿ, ನೆಲವು ಹಸನಾಗಿ, ನೀರು ಸಮೀಪವಾಗಿರುವುದು. ಅಣೆಕಟ್ಟೆಗೆ ಪ್ರಶಸ್ತವಾದ ಸ್ಥಳವೂ ಅಂತಹುದೇ. ೧೯೭೪ರಲ್ಲಿ ಆರಂಭವಾದ ಸೂಪಾ ಅಣೆಕಟ್ಟೆಯ ಕೆಲಸವು ೧೯೮೭ರಲ್ಲಿ ಮುಗಿಯಿತು. ೩೩೨ ಮೀಟರು ಉದ್ದದ ಆ ಕಾಂಕ್ರೀಟು ಗೋಡೆಯ ಹಿಂದೆ ಪೂರ್ಣವಾಗಿ ತುಂಬಿದರೆ ಸುಮಾರು ೧೪೫ ಸಾವಿರ ದಶಲಕ್ಷ ಘನ ಅಡಿ ನೀರು ನಿಲ್ಲತಕ್ಕುದು. ಹಾಗೆ ತುಂಬಿದ ವರ್ಷಗಳು ವಿರಳ. ಪೇಟೆಯೂ ಸುತ್ತಣ ಹಳ್ಳಿಗಳೂ ಮುಳುಗಿದುವು. ತಾಲ್ಲೂಕಿನ ಕಚೇರಿಗಳು ಜೊಯಿಡಾಕ್ಕೆ ಹೋದುವು. ಒಕ್ಕಲೆದ್ದವರಲ್ಲಿ ಬಹುಮಂದಿಗೆ ರಾಮನಗರದಲ್ಲಿ ನೆಲೆಯನ್ನು ಕಲ್ಪಿಸಿದರು. ‘ಕೆಲವೇ ಮಂದಿ’ ಎಂಬ ಮಾತು ಇಂತಹ ಯೋಜನೆಗಳ ಪರವಾಗಿ ಬಲವಾದ ವಾದವಾಗುವುದು. ಆದರೆ ಆ ಕೆಲವೇ ಮಂದಿಯು ಸೀಮೆಯ ಜನದಲ್ಲಿ ಎಷ್ಟನೆಯ ಪಾಲು, ಅವರ ಗದ್ದೆಗಳು ಸೀಮೆಯ ಗದ್ದೆಗಳಲ್ಲಿ ಎಷ್ಟನೆಯ ಪಾಲು ಎಂದು ಕೇಳಿದರೆ ಲೆಕ್ಕವು ಬೇರೆಯಾಗುವುದು. ತಾಲ್ಲೂಕಿನ ಒಂದೇ ದೊಡ್ಡ ಪೇಟೆ ಹೋದ ಮೇಲೆ ಉಳಿದ ಸೀಮೆಯು ಮುಂಚಿಗಿಂತ ಹೆಚ್ಚು ನಿರ್ಜನವಾಗಿ ಕಂಡುದು ಆಶ್ಚರ್ಯವಲ್ಲ.

ಯಂತ್ರದ ದೃಷ್ಟಿಯಿಂದ ನೋಡಿದರೆ ಯೋಜನೆಯು ನದಿಯ ಸ್ವಭಾವವನ್ನು ಬಹಳ ಚೆನ್ನಾಗಿ ಅರಿತುಕೊಂಡುದೆಂದು ಒಪ್ಪಲೇಬೇಕು. ಸೂಪಾದಲ್ಲಿ ಮಳೆಗಾಲದ ನೀರನ್ನು ತಡೆದು, ಕಟ್ಟೆಯ ಬುಡದಲ್ಲಿ ೧೦೦ ಮೆಗಾವಾಟು ಶಕ್ತಿಯನ್ನು ಪಡೆಯುತ್ತಾರೆ. ಬಿಟ್ಟ ನೀರು ದಾಂಡೇಲಿಯ ಮುಂದಾಗಿ ಹರಿದು ಬೊಮ್ಮನಹಳ್ಳಿಯಲ್ಲಿ ನಿಲ್ಲುವುದು. ಈಶಾನ್ಯದಿಂದ ಬರುವ ತಟ್ಟಿಹಳ್ಳಕ್ಕೂ ಒಂದು ಕಟ್ಟೆಯಿದ್ದು ಅದರ ನೀರೂ ಇಲ್ಲಿಗೆ ಕೂಡುವುದು. ಅಲ್ಲಿಂದ ಸುರಂಗದಲ್ಲಿ ಸಾಗಿಸಿ ಕೊಳ್ಳದ ತಳದ ನಾಗಝರಿಯಲ್ಲಿ ಬೀಳಿಸುತ್ತಾರೆ. ಕಣ್ಣಿಗೆ ಬೀಳದೆ ಇಳಿಯುತ್ತಿದ್ದ ಆ ಇಳಿತವೇ ಇಲ್ಲಿನ ಬಂಡವಾಳ. ಅಂಬಿಕಾನಗರದ ಬಳಿಯ ಈ ವಿದ್ಯುದಾಗಾರದ ಮೊದಲ ಯಂತ್ರವು ೧೯೭೯ರಲ್ಲಿ ತಿರುಗಿತು. ಈಗಿನ ಆರು ಯಂತ್ರಗಳ ಶಕ್ತಿ ೮೮೫ ಮೆಗಾವಾಟಿಗೆ ಕಡಮೆಯಿಲ್ಲ. ಆಮೇಲೆ ಅದೇ ನೀರು ಕೊಡಸಳ್ಳಿಯಲ್ಲಿ ೧೨೦, ಕದ್ರಾದಲ್ಲಿ ೧೫೦ ಮೆಗಾವಾಟುಗಳನ್ನು ಕೊಡುವುದು. ಈ ಎರಡು ಆಗಾರಗಳೂ ೧೯೯೦ರ ದಶಕದ ಕೊನೆಯವು. ನಾಲ್ಕು ಮೆಟ್ಟಿಲುಗಳಲ್ಲಿ ಒಂದೇ ನೀರು ನಾಲ್ಕು ಬಾರಿ ದುಡಿಯುವುದು. ಆದರೆ ಸುರಂಗವು ಹೊತ್ತೊಯ್ದ ನೀರು ಕೊಳ್ಳಕ್ಕೆ ಇಲ್ಲ. ಭೂಪಟವು ನೀಲಿಯ ಗೆರೆಯಿಂದ ತೋರಿಸುವ ಆ ಭಾಗದಲ್ಲಿ ಕಟ್ಟೆಯ ಬಾಗಿಲು ತೆರೆದ ದಿನಗಳನ್ನು ಬಿಟ್ಟರೆ ಇರುವುದು ನೆರೆಯ ಹಳ್ಳಗಳು ಕೊಟ್ಟ ನೀರು ಮಾತ್ರ.

ಕದ್ರಾ ಜಲಾಶಯದ ದಡದಲ್ಲಿಯೇ ಕೈಗಾದ ಅಣುವಿದ್ಯುತ್ ಕೇಂದ್ರವಿದೆ. ತಲಾ ೨೨೦ ಮೆಗಾವಾಟಿನ ನಾಲ್ಕು ಘಟಕಗಳಲ್ಲಿ ಮೊದಲನೆಯ ಎರಡು ೨೦೦೦ದಲ್ಲಿ ಕೆಲಸಕ್ಕೆ ಬಂದುವು. ಅಣುಸ್ಥಾವರಗಳಿಗೆ ಸ್ಥಳವನ್ನು ಆರಿಸುವಾಗ ತಣಿಸಲು ಬೇಕಾದ ಸಮೃದ್ಧ ನೀರನ್ನೂ ಸುತ್ತಣ ಜನವಿರಳತೆಯನ್ನೂ ನೋಡುವುದುಂಟು. ಕೈಗಾದಲ್ಲಿ ಎರಡೂ ದೊರೆತುವು. ಅದನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು ೧೯೮೯ರಲ್ಲಿ ಲೋಕಸಭೆಯ ಚುನಾವಣೆಗೇ ನಿಂತರು. ಆ ವಾದದ ಗುಣದೋಷಗಳನ್ನು ತೂಗುವುದು ಈ ಲೇಖನದ ಎಲ್ಲೆಯಲ್ಲಿಲ್ಲ; ಜನವಿರಳತೆಯು ಕಾಳಿಯ ದಡದಲ್ಲಿ ಮತ್ತೊಮ್ಮೆ ಒಂದು ಯೋಗ್ಯತೆಯಾಗಿ ಎಣಿಕೆಗೆ ಬಂದಿತೆಂಬುದಷ್ಟೇ ಇಲ್ಲಿ ಗಮನಿಸತಕ್ಕುದು.

ಕಾಡಿನ ರಕ್ಷಣೆಯೂ ಇದೇ ಕಾಲದಲ್ಲಿ ಬೆಳೆಯಿತು. ೧೯೫೬ರಲ್ಲಿ ದಾಂಡೇಲಿ ವನ್ಯಧಾಮವಾಯಿತು. ೧೯೮೭ರಲ್ಲಿ ಅಣಶಿ ರಾಷ್ಟ್ರೀಯೋದ್ಯಾನವಾಯಿತು. ಎರಡೂ ಸೇರಿ ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, ೨೦೧೫ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟರು. ಹುಲಿಗೆ ಬೇಕಾದುದೂ ಮನುಷ್ಯರು ಕಡಮೆಯಾದ ಕಾಡೇ. ಅಣೆಕಟ್ಟೆಯನ್ನು ಕಟ್ಟಿದವರಿಗೂ ಅಣುಸ್ಥಾವರವನ್ನು ಸ್ಥಾಪಿಸಿದವರಿಗೂ ಹುಲಿಯನ್ನು ಕಾಯುವವರಿಗೂ ಪರಸ್ಪರ ಸಮ್ಮತಿಯಿರುವುದು ಅಪೂರ್ವ. ಆದರೆ ಈ ಸೀಮೆಯಲ್ಲಿ ಜನ ಇನ್ನೂ ಕಡಮೆಯಾದರೆ ಅನುಕೂಲವೆಂಬ ವಿಷಯದಲ್ಲಿ ಅವರ ಮೂವರ ಲೆಕ್ಕಗಳೂ ಒಂದೇ ಕಡೆಗೆ ವಾಲುತ್ತವೆ. ಹುಲಿಯ ಪರವಾದ ಲೆಕ್ಕವು ಉಳಿದೆರಡಕ್ಕಿಂತ ನನಗೆ ನ್ಯಾಯವಾಗಿ ತೋರಿದರೂ, ತಲೆತಲಾಂತರದಿಂದ ಹುಲಿಯ ನೆರೆಯಲ್ಲಿಯೇ ಬಾಳಿದ ಕುಣಬಿಯ ಮನೆಯನ್ನು ಆ ಲೆಕ್ಕದ ಹೊರಗಿಡುವುದು ಉಚಿತವೆಂದು ತೋರುವುದಿಲ್ಲ.

ಕದ್ರಾದಿಂದ ಕೆಳಗೆ ಚಿತ್ರವು ಬದಲಾಗುವುದು. ಮಲ್ಲಾಪುರವೇ ಮೊದಲಾದ ಊರುಗಳು, ತೆಂಗಿನ ತೋಟಗಳು, ಅಳಿವೆಯ ಮೀನುಗಾರಿಕೆ: ಇಲ್ಲಿ ನದಿಯು ನಿರ್ಜನವಲ್ಲ. ಮಳೆಗಾಲದಲ್ಲಿ ತಾನೇ ಏರಿ ತಾನೇ ಇಳಿಯುತ್ತಿದ್ದ ನೀರು ಈಗ ಮೇಲಿನ ಬಾಗಿಲುಗಳ ಆಜ್ಞೆಯಂತೆ ಬರುವುದು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲಾಯಿಯಲ್ಲಿಯೂ ಅತಿವೃಷ್ಟಿಯಾಗಿ ಕದ್ರಾದಿಂದ ನೀರನ್ನು ಬಿಟ್ಟಾಗ ದಡದ ಊರುಗಳ ಮನೆಗಳಿಗೆ ನೀರು ನುಗ್ಗಿತು. ಕಾರವಾರವನ್ನೂ ಸದಾಶಿವಗಡವನ್ನೂ ಕೂಡಿಸುತ್ತಿದ್ದ ಹಳೆಯ ಸೇತುವೆಯು ೨೦೨೪ರ ಆಗಸ್ಟು ೭ರ ನಸುಕಿನಲ್ಲಿ ಕುಸಿದು ನದಿಗೆ ಬಿದ್ದಿತು. ಅದರ ಮೇಲಿದ್ದ ಒಂದು ಲಾರಿಯೂ ಬಿದ್ದಿತು, ಚಾಲಕನನ್ನು ಜೀವಸಹಿತ ಎತ್ತಿದರು. ಸೂಪಾದ ಹಿನ್ನೀರಿನಲ್ಲಿ ಈ ವರ್ಷ ಎಷ್ಟು ಮೀಟರು ನೀರಿದೆಯೆಂಬುದನ್ನು ಮಳೆಗಾಲದ ದಿನಪತ್ರಿಕೆಗಳು ಬೆಂಗಳೂರಿಗೂ ತಲುಪಿಸುತ್ತವೆ. ಕದ್ರಾದ ಕೆಳಗಣ ಮನೆಗಳಲ್ಲಿ ಜನ ಅದೇ ಅಂಕೆಯನ್ನು ಸಾಮಾನುಗಳನ್ನು ಅಟ್ಟಕ್ಕೆ ಏರಿಸುವ ಹೊತ್ತಾಯಿತೇ ಎಂದು ತಿಳಿಯಲು ಓದುವರು.